ರೀಕಾಲ್ ಮಾಡಿಸಿದ ಮೇಲೂ ಇಂಜಿನ್ ಸೀಜ್ ಆಗಿದೆ, "ಆಯಿಲ್ ಸರಿಯಾಗಿ ಹಾಕಿಸಿಲ್ಲ" ಅನ್ನುತ್ತಿದ್ದಾರೆ. ಮುಂದೇನು?

ಸುಜಾತಾ, ಸಾಗರ

ಎಲ್ಲರಿಗೂ ನಮಸ್ಕಾರ. ನಮ್ಮದು 2020ರ ಪೆಟ್ರೋಲ್ ಕಾರು, 62,000 ಕಿ.ಮೀ. ಓಡಿದೆ. ಕಂಪನಿ ಹೆಸರಾಗಲಿ ಡೀಲರ್ ಹೆಸರಾಗಲಿ ಇಲ್ಲಿ ಹಾಕುವುದಿಲ್ಲ, ನಡೆದದ್ದು ಮಾತ್ರ ಹೇಳುತ್ತೇನೆ.

ಹೋದ ವರ್ಷ ಕಂಪನಿಯಿಂದ ಮೆಸೇಜ್ ಬಂತು. ನಿಮ್ಮ ಚಾಸಿ ನಂಬರ್ ರೀಕಾಲ್ ಪಟ್ಟಿಯಲ್ಲಿದೆ, ಇಂಜಿನ್ ಒಳಗೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಪರೀಕ್ಷೆ ಮಾಡಬೇಕು, ತೊಂದರೆ ಇದ್ದರೆ ಖರ್ಚಿಲ್ಲದೆ ಬದಲಾಯಿಸಿ ಕೊಡುತ್ತೇವೆ ಅಂತ. ಶಿವಮೊಗ್ಗದ ಸರ್ವಿಸ್ ಸೆಂಟರಿಗೆ ಒಯ್ದು ಅಲ್ಲೇ ಕಾದು ಕೂತಿದ್ದೆವು. ಒಂದು ಗಂಟೆಯೊಳಗೆ ಗಾಡಿ ವಾಪಸ್ ಬಂತು. ಬಾನೆಟ್ ಒಳಗೆ ಹಸಿರು ಸ್ಟಿಕ್ಕರ್ ಅಂಟಿಸಿದ್ದರು. ಜಾಬ್ ಕಾರ್ಡಿನಲ್ಲಿ "ರೀಕಾಲ್ ತಪಾಸಣೆ ಮುಗಿದಿದೆ, ಓಕೆ" ಅಂತಿದೆ.

ಈಗ ಹೋದ ತಿಂಗಳು ಮಾವನವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಆನಂದಪುರ ದಾಟಿದ ಮೇಲೆ ಇಂಜಿನ್ನಿನಲ್ಲಿ ಟಕ್ ಟಕ್ ಶಬ್ದ ಶುರುವಾಯಿತು. ಆಕ್ಸಿಲರೇಟರ್ ಒತ್ತಿದರೆ ಜಾಸ್ತಿ, ಬಿಟ್ಟರೆ ಕಡಿಮೆ. ಕುಂಸಿ ಹತ್ತಿರ ಕೆಂಪು ಆಯಿಲ್ ದೀಪ ಹತ್ತಿತು. ನನ್ನ ಗಂಡ ಗಾಡಿ ಬದಿಗೆ ತರುವಷ್ಟರಲ್ಲಿ ನಿಂತೇ ಹೋಯಿತು. ಆಮೇಲೆ ಸ್ಟಾರ್ಟ್ ಆಗಲೇ ಇಲ್ಲ. ಮಾವನವರನ್ನು ಬಸ್ಸಿನಲ್ಲಿ ಕಳಿಸಿದೆವು, ಗಾಡಿಯನ್ನು ಟೋ ಮಾಡಿಸಿದೆವು.

ಸರ್ವಿಸ್ ಸೆಂಟರಿನವರು ಡಿಪ್‌ಸ್ಟಿಕ್ ಎಳೆದು ನೋಡಿ "ಮೇಡಂ, ಒಳಗೆಲ್ಲ ಆಯಿಲ್ ಗಟ್ಟಿಯಾಗಿ ಸ್ಲಡ್ಜ್ ಆಗಿದೆ, ಆಯಿಲ್ ಟೈಮಿಗೆ ಬದಲಾಯಿಸಿಲ್ಲ" ಅಂದರು. ಹಾಫ್ ಇಂಜಿನ್ನಿಗೆ (ಇಂಜಿನ್ನಿನ ಕೆಳಭಾಗ ಪೂರ್ತಿ ಹೊಸದು) 2,85,000 ಎಸ್ಟಿಮೇಟ್ ಕೊಟ್ಟಿದ್ದಾರೆ. ರೀಕಾಲ್ ಬಗ್ಗೆ ಕೇಳಿದರೆ "ನಿಮ್ಮ ಚಾಸಿ ನಂಬರಿಗೆ ರೀಕಾಲ್ ಮುಗಿದಿದೆ ಅಂತ ಸಿಸ್ಟಮ್ ತೋರಿಸುತ್ತಿದೆ" ಅನ್ನುತ್ತಾರೆ. ಕಂಪನಿಯ ಕಸ್ಟಮರ್ ಕೇರ್ ಕೂಡ ಅದನ್ನೇ ಓದಿ ಹೇಳುತ್ತದೆ.

ಆಯಿಲ್ ನಾವು ಟೈಮಿಗೇ ಬದಲಾಯಿಸಿದ್ದೇವೆ. ಮೊದಲ ಮೂರು ವರ್ಷ ಅವರಲ್ಲೇ, ಆಮೇಲೆ ಸಾಗರದ ಗ್ಯಾರೇಜಿನಲ್ಲಿ. ಕಂಪನಿ ಪುಸ್ತಕದಲ್ಲಿ ಹೇಳಿದ ಗ್ರೇಡಿನ ಆಯಿಲ್, ಪ್ರತಿ ಬಿಲ್ಲಿನಲ್ಲೂ ಕಿ.ಮೀ. ಬರೆಸಿದ್ದೇನೆ. ಎಲ್ಲ ಬಿಲ್ಲೂ ಫೈಲಿನಲ್ಲಿದೆ. "ಹೊರಗಿನ ಬಿಲ್ ನಡೆಯಲ್ಲ" ಅನ್ನುತ್ತಿದ್ದಾರೆ.

ಇದರ ಮೇಲೆ ಗಾಡಿ ಅಲ್ಲೇ ಬಿಟ್ಟರೆ ದಿನಕ್ಕೆ 300 ಪಾರ್ಕಿಂಗ್ ಅಂತೆ. ಸೊಸೈಟಿ ಸಾಲದ ಕಂತು ಇನ್ನೂ ನಡೆಯುತ್ತಿದೆ. ನನಗೆ ಬೇಕಾಗಿರುವುದು ಒಂದೇ: ಅವತ್ತು ಆ ಬೇರಿಂಗ್ ನಿಜವಾಗಿ ನೋಡಿದರಾ ಇಲ್ವಾ? ಅದನ್ನು ಹೇಗೆ ಕಂಡುಹಿಡಿಯುವುದು? ದುಡ್ಡು ಕಟ್ಟಿ ರಿಪೇರಿ ಮಾಡಿಸಿಕೊಂಡು ಆಮೇಲೆ ಕೇಳೋಣ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ. ಅದು ಸರಿಯಾ?

---

ಕಿರಣ್, ತುಮಕೂರು

ಮೇಡಂ, ಇನ್ಶೂರೆನ್ಸ್ ಇದೆಯಲ್ಲ? ಜೀರೋ ಡೆಪ್ (ಸವಕಳಿ ಕಡಿತ ಇಲ್ಲದ ಪಾಲಿಸಿ) ಇದ್ದರೆ ಅದರಲ್ಲೇ ಕ್ಲೇಮ್ ಮಾಡಿ, ಕಂಪನಿ ಜೊತೆ ಸುಮ್ನೆ ಯಾಕೆ ಜಗಳ.

---

ಮಂಜುನಾಥ, ಗ್ಯಾರೇಜ್, ಹುಬ್ಬಳ್ಳಿ

ಕಿರಣ್, ಅದು ಆಗುವುದಿಲ್ಲ. ಮಾಮೂಲಿ ಪಾಲಿಸಿ ಆಕ್ಸಿಡೆಂಟಿಗೆ, ಕಳವಿಗೆ, ಬೆಂಕಿಗೆ, ನೆರೆಗೆ. ಯಂತ್ರ ತಾನಾಗಿ ಕೆಟ್ಟರೆ ಅದರಲ್ಲಿ ಬರುವುದಿಲ್ಲ. ಜೀರೋ ಡೆಪ್ ಇದ್ದರೂ ಅಷ್ಟೇ. ಇಂಜಿನ್ ಪ್ರೊಟೆಕ್ಟ್ ಅಂತ ಬೇರೆ ಆ್ಯಡ್-ಆನ್ ಇದೆ, ಅದೂ ಹೆಚ್ಚಾಗಿ ನೀರು ನುಗ್ಗಿದಾಗ, ಕೆಳಗೆ ಬಡಿದು ಆಯಿಲ್ ಸೋರಿದಾಗ.

ಸುಜಾತಕ್ಕಾ, ಮೊದಲು ಒಂದು ಮಾತು. ಇಂಜಿನ್ ಬಿಚ್ಚಲು ಒಪ್ಪಿಗೆ ಅಂತ ಎಲ್ಲಾದರೂ ಸಹಿ ಹಾಕಿದ್ದೀರಾ? ಹಾಕಿಲ್ಲ ಅಂದರೆ ಸದ್ಯಕ್ಕೆ ಹಾಕಬೇಡ್ರಿ. ದುಡ್ಡು ಕಟ್ಟಿ ರಿಪೇರಿ ಅಂತೂ ಬೇಡವೇ ಬೇಡ. ಹೊಸ ಹಾಫ್ ಇಂಜಿನ್ ಕೂರಿಸಿದ ದಿನ ಹಳೆಯದು ಗುಜರಿಗೆ ಹೋಗುತ್ತದೆ. ನಿಮ್ಮ ಸಾಕ್ಷಿ ಅದರ ಜೊತೆಗೇ ಹೋಯಿತು.

ಈಗ ನಿಮ್ಮ ಪ್ರಶ್ನೆಗೆ. ಕನೆಕ್ಟಿಂಗ್ ರಾಡ್ ಬೇರಿಂಗನ್ನು ಕಣ್ಣಿಂದ ನೋಡಬೇಕು ಅಂದರೆ ಕೆಳಗಿನ ಆಯಿಲ್ ಚೇಂಬರ್ ಇಳಿಸಲೇಬೇಕು. ಚೇಂಬರ್ ಇಳಿಸಬೇಕು ಅಂದರೆ ಆಯಿಲ್ ಖಾಲಿ ಮಾಡಲೇಬೇಕು. ಮತ್ತೆ ಕೂರಿಸುವಾಗ ಸೀಲಂಟ್ ಹಚ್ಚಿ, ಅದು ಒಣಗಲು ಬಿಟ್ಟು, ಆಮೇಲೆ ಆಯಿಲ್ ತುಂಬುತ್ತೇವೆ. ಒಂದು ಗಂಟೆಯಲ್ಲಿ ಆಗುವ ಕೆಲಸ ಅಲ್ಲ. ನಿಮ್ಮ ಹಳೆಯ ಜಾಬ್ ಕಾರ್ಡ್ ತೆಗೆದು ನೋಡಿ. ಆಯಿಲ್, ಸೀಲಂಟ್, ಡ್ರೈನ್ ವಾಷರ್, ಇವು ಬಿದ್ದಿವೆಯಾ? ಸೊನ್ನೆ ರೂಪಾಯಿ ಹಾಕಿದ್ದರೂ ಸಾಮಾನಿನ ಹೆಸರು ಬೀಳಲೇಬೇಕು, ಯಾಕೆಂದರೆ ಡೀಲರ್ ಅದನ್ನು ಕಂಪನಿಯಿಂದ ವಸೂಲಿ ಮಾಡಿಕೊಳ್ಳುತ್ತಾನೆ. ಅವು ಇಲ್ಲ ಅಂದರೆ ಚೇಂಬರ್ ಬಿಚ್ಚಿಲ್ಲ ಅಂತಲೇ ಲೆಕ್ಕ.

ಆದರೆ ಅಷ್ಟಕ್ಕೇ ಮೋಸ ಅಂತ ಹೇಳುವ ಹಾಗಿಲ್ಲ. ಕೆಲವು ರೀಕಾಲಿನಲ್ಲಿ ಕಂಪನಿಯೇ "ಶಬ್ದ ಕೇಳಿ ಪರೀಕ್ಷೆ ಮಾಡಿ, ಶಬ್ದ ಬಂದರೆ ಮಾತ್ರ ಬಿಚ್ಚಿ" ಅಂತ ಬರೆದಿರುತ್ತದೆ. ಅದಕ್ಕೇ ಆ ರೀಕಾಲಿನ ಟೆಕ್ನಿಕಲ್ ಬುಲೆಟಿನ್ ಕೇಳಿ. ಅದರಲ್ಲಿ ಏನೇನು ಮಾಡಬೇಕು, ಎಷ್ಟು ಹೊತ್ತಿನ ಕೆಲಸ ಅಂತ ಇರುತ್ತದೆ. ಫೋನಿನಲ್ಲಿ ಕೇಳಬೇಡಿ, ಮೇಲ್ ಹಾಕಿ.

ಇನ್ನು ಸ್ಲಡ್ಜ್ ವಿಚಾರ. ಡಿಪ್‌ಸ್ಟಿಕ್ ನೋಡಿ ಸ್ಲಡ್ಜ್ ಅನ್ನುವುದು ಯಾವ ಮೇಸ್ತ್ರಿಯೂ ಮಾಡುವ ಕೆಲಸ ಅಲ್ಲ. ಓಡಿದ ಆಯಿಲ್ ಕಪ್ಪಾಗುತ್ತದೆ, ಕಪ್ಪಾಗಲೇಬೇಕು. ನಿಜವಾದ ಸ್ಲಡ್ಜ್ ಜೋನಿಬೆಲ್ಲದ ಹಾಗೆ ಗಟ್ಟಿ ಇರುತ್ತದೆ. ಮೇಲಿನ ಟ್ಯಾಪೆಟ್ ಕವರ್ ತೆಗೆದರೆ ವಾಲ್ವ್ ಒತ್ತುವ ಕ್ಯಾಮ್ ಸುತ್ತ ಮೆತ್ತಿಕೊಂಡಿರುತ್ತದೆ, ಕೆಳಗೆ ಆಯಿಲ್ ಹೀರುವ ಸ್ಟ್ರೇನರ್ ಜಾಲರಿ ಮುಚ್ಚಿಹೋಗಿರುತ್ತದೆ. ಹಾಗೆ ಆಯಿಲ್ ಏರದೆ ಕೆಟ್ಟ ಇಂಜಿನ್ನಿನಲ್ಲಿ ಸಾಮಾನ್ಯವಾಗಿ ಒಂದಲ್ಲ, ನಾಲ್ಕೂ ರಾಡಿನ ಬೇರಿಂಗ್ ಸವೆದಿರುತ್ತವೆ, ಕ್ಯಾಮ್ ಕಡೆಯೂ ಗೀರು ಇರುತ್ತದೆ. ಮೇಲೆ ಕವರ್ ಒಳಗೆ ಜೇನುಬಣ್ಣ ಸ್ವಚ್ಛವಾಗಿದ್ದು, ಜಾಲರಿ ಖುಲ್ಲಾ ಇದ್ದು, ಒಂದೇ ಒಂದು ರಾಡಿನ ಬೇರಿಂಗ್ ತಿರುಗಿ ಸುಟ್ಟಿದ್ದರೆ ಬೇರೆ ಕಥೆ. ಆಗ ಆ ಬೇರಿಂಗ್, ಆ ಕ್ರ್ಯಾಂಕ್, ಇಲ್ಲವೇ ಫ್ಯಾಕ್ಟರಿಯಲ್ಲಿ ಉಳಿದುಹೋದ ಲೋಹದ ಪುಡಿಯ ಕಡೆ ನೋಡಬೇಕಾಗುತ್ತದೆ. ನೂರಕ್ಕೆ ನೂರು ಹೀಗೇ ಅಂತ ಅಲ್ಲ. ಆದರೆ ಆ ಎರಡು ಜಾಗದ ಫೋಟೋ ಇಲ್ಲದೆ ಸ್ಲಡ್ಜ್ ಅನ್ನುವವರ ಮಾತು ಒಪ್ಪಬೇಡಿ.

ಟ್ಯಾಪೆಟ್ ಕವರ್ ಬಿಚ್ಚಲಿ, ನಿಮ್ಮ ಕಣ್ಣೆದುರಿಗೆ. ವೀಡಿಯೊ ಮಾಡಿ, ಚಾಸಿ ನಂಬರಿನ ಪ್ಲೇಟಿನಿಂದ ಶುರು ಮಾಡಿ ಕಟ್ ಇಲ್ಲದೆ ಇಂಜಿನ್ ತನಕ. ಸ್ಕ್ಯಾನರ್ ಹಾಕಿ ಎರರ್ ಕೋಡ್ ಪ್ರಿಂಟ್ ತಗೊಳ್ಳಿ. ಅದನ್ನು ಅಳಿಸುವ ಮೊದಲೇ.

---

ವಕೀಲ, ಮೈಸೂರು

ಮಂಜುನಾಥ್ ಹೇಳಿದ್ದಕ್ಕೆ ಕಾನೂನಿನ ಕಡೆಯಿಂದ ಸೇರಿಸುತ್ತೇನೆ. ಗ್ರಾಹಕರ ಕೇಸುಗಳನ್ನೇ ಜಾಸ್ತಿ ನಡೆಸುವವನು ನಾನು. ವಾಹನದ ಕೇಸು ಸೋಲುವುದು ಬಹುತೇಕ ಒಂದೇ ಕಾರಣಕ್ಕೆ. ದೋಷ ಇತ್ತು ಅಂತ ತೋರಿಸುವ ತಜ್ಞರ ವರದಿ ಇರುವುದಿಲ್ಲ.

2019ರ ಗ್ರಾಹಕ ರಕ್ಷಣಾ ಕಾಯ್ದೆಯ 38ನೇ ಸೆಕ್ಷನ್ನಿನಲ್ಲಿ ಇದಕ್ಕೆ ದಾರಿ ಇದೆ. ಪರೀಕ್ಷೆ ಮಾಡದೆ ದೋಷ ಗೊತ್ತಾಗುವುದಿಲ್ಲ ಅನ್ನುವಂಥ ವಸ್ತುವನ್ನು ಗ್ರಾಹಕ ಆಯೋಗವೇ ಸೀಲ್ ಮಾಡಿಸಿ ಪ್ರಯೋಗಾಲಯಕ್ಕೆ ಕಳಿಸಬಹುದು. ದೂರಿನ ಜೊತೆಗೇ ಅದಕ್ಕೆ ಅರ್ಜಿ ಹಾಕಿ. ಅಲ್ಲಿಯ ತನಕ ಕಾಯದೆ, ಈಗಲೇ ಲೈಸೆನ್ಸ್ ಇರುವ ಇನ್ಶೂರೆನ್ಸ್ ಸರ್ವೇಯರ್ ಒಬ್ಬರನ್ನು ಖಾಸಗಿಯಾಗಿ ಕರೆಸಿ, ಬಿಚ್ಚುವಾಗ ಎದುರಿಗೆ ಇರಲಿ. ಅವರ ಫೀಸ್ ದಂಡ ಅಂದುಕೊಳ್ಳಬೇಡಿ.

ಶಿವಮೊಗ್ಗದ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಕಂಪನಿ ಎಲ್ಲೇ ಇರಲಿ, ದೂರು ಕೊಡುವವರು ವಾಸ ಇರುವ ಜಾಗದಲ್ಲೇ ಕೇಸು ಹಾಕಲು ಹೊಸ ಕಾಯ್ದೆ ಅವಕಾಶ ಕೊಟ್ಟಿದೆ. ಕೊಂಡ ಬೆಲೆ 50 ಲಕ್ಷದೊಳಗೆ ಇದ್ದರೆ ಜಿಲ್ಲಾ ಆಯೋಗ. ಫೀಸ್ ಕೂಡ ಕೊಂಡ ಬೆಲೆಯ ಮೇಲೆ: 5 ಲಕ್ಷದ ತನಕ ಇಲ್ಲ, 10 ಲಕ್ಷದ ತನಕ 200 ರೂಪಾಯಿ, 20 ಲಕ್ಷದ ತನಕ 400. ಆನ್‌ಲೈನಿನಲ್ಲೂ ಹಾಕಬಹುದು. ಎರಡು ವರ್ಷದೊಳಗೆ ಹಾಕಬೇಕು. ಡೀಲರ್ ಒಬ್ಬನನ್ನೇ ಸೇರಿಸಬೇಡಿ, ತಯಾರಕ ಕಂಪನಿಯನ್ನೂ ಸೇರಿಸಿ. ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಮೊದಲ ಹೆಜ್ಜೆಯಾಗಿ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದಾಖಲಿಸಿ. ಆ ದೂರಿನ ನಂಬರ್ ಮುಂದೆ ಉಪಯೋಗಕ್ಕೆ ಬರುತ್ತದೆ.

ರೀಕಾಲ್ ಬಗ್ಗೆ. 2012ರಿಂದ ವಾಹನ ತಯಾರಕರ ಸಂಘ ತಾನೇ ಮಾಡಿಕೊಂಡ ನಿಯಮ ಇತ್ತು, ಕಾನೂನಿನ ಬಲ ಇರಲಿಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಸೆಕ್ಷನ್ ಬಂತು. ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಏಳು ವರ್ಷದೊಳಗಿನ ವಾಹನದ ಸುರಕ್ಷತಾ ದೋಷದ ಬಗ್ಗೆ ಮಾಲೀಕರು ಸರ್ಕಾರದ ಪೋರ್ಟಲಿನಲ್ಲಿ ದೂರು ಹಾಕಬಹುದು. ದೂರುಗಳ ಸಂಖ್ಯೆ ಒಂದು ಮಟ್ಟ ದಾಟಿದರೆ ಸರ್ಕಾರವೇ ರೀಕಾಲಿಗೆ ಆದೇಶಿಸಬಹುದು. ದಂಡ 10 ಲಕ್ಷದಿಂದ 1 ಕೋಟಿ ತನಕ. ನಿಮ್ಮದು 2020ರ ಗಾಡಿ, ಅವಧಿ ಮುಗಿಯುವ ಮೊದಲು ಹಾಕಿಬಿಡಿ. ಇದರಿಂದ ನಿಮ್ಮ ರಿಪೇರಿ ದುಡ್ಡು ಬರುವುದಿಲ್ಲ ನಿಜ. ಆದರೆ ಓಡುವ ರಸ್ತೆಯಲ್ಲಿ ಇಂಜಿನ್ ನಿಂತಿದೆ, ಅದು ದಾಖಲಾಗಲೇಬೇಕು.

ಪಾರ್ಕಿಂಗ್ ದುಡ್ಡಿಗೆ ಇವತ್ತೇ ಒಂದು ಮೇಲ್ ಹಾಕಿ: "ಗಾಡಿ ವಿವಾದದ ಸಾಕ್ಷಿಯಾಗಿ ನಿಮ್ಮ ಸುಪರ್ದಿಯಲ್ಲಿದೆ. ರೀಕಾಲ್ ಕೆಲಸ ನಿರಾಕರಿಸಿದ ಕಾರಣವನ್ನು ಬರಹದಲ್ಲಿ ಕೊಡಿ. ಶುಲ್ಕಕ್ಕೆ ನನ್ನ ಆಕ್ಷೇಪ ಇದೆ." ಅಷ್ಟೇ ಸಾಕು.

---

ಶ್ರೀನಿಧಿ, ಮಿಶಿಗನ್

ಸುಜಾತಾ ಅವರೇ, ನಾನು ಊರಲ್ಲಿ ತೀರ್ಥಹಳ್ಳಿಯವನು, ಇಲ್ಲಿ ವಾಹನ ಬಿಡಿಭಾಗಗಳ ಕ್ವಾಲಿಟಿ ವಿಭಾಗದಲ್ಲಿ ಕೆಲಸ. ನಿಮ್ಮ ಗಾಡಿ ಯಾವುದೋ ಗೊತ್ತಿಲ್ಲ, ಇದಕ್ಕೂ ಅದಕ್ಕೂ ಸಂಬಂಧ ಇದೆ ಅಂತಲೂ ಹೇಳುತ್ತಿಲ್ಲ. ಆದರೆ ಇಂಥದೇ ಜಗಳ ಇಲ್ಲಿ ದೊಡ್ಡ ಮಟ್ಟದಲ್ಲಿ ನಡೆದಿದೆ, ಅದರಿಂದ ನಿಮಗೆ ಧೈರ್ಯ ಬರಲಿ.

ಹ್ಯುಂಡೈ ಮತ್ತು ಕಿಯಾದ ಥೀಟಾ 2 ಇಂಜಿನ್. ಕ್ರ್ಯಾಂಕ್‌ಶಾಫ್ಟ್ ಕೊರೆಯುವಾಗ ಉಳಿದ ಲೋಹದ ಚೂರು ಆಯಿಲ್ ದಾರಿಯಲ್ಲಿ ಸಿಕ್ಕಿಕೊಂಡು ಬೇರಿಂಗಿಗೆ ಆಯಿಲ್ ತಲುಪದೆ ಇಂಜಿನ್ ಸೀಜ್ ಆಗುತ್ತಿತ್ತು. 2015ರ ಸೆಪ್ಟೆಂಬರಿನಲ್ಲಿ ಹ್ಯುಂಡೈ ಸುಮಾರು 4.7 ಲಕ್ಷ ಕಾರು ವಾಪಸ್ ಕರೆಯಿತು, 2017ರಲ್ಲಿ ಎರಡೂ ಕಂಪನಿ ಸೇರಿ ಇನ್ನೂ ಸುಮಾರು 12 ಲಕ್ಷ. ಕೊರಿಯಾದಲ್ಲಿ ಕಂಪನಿಯೊಳಗಿನ ಇಂಜಿನಿಯರ್ ಕಿಮ್ ಗ್ವಾಂಗ್-ಹೋ ದಾಖಲೆ ಹೊರಗೆ ತಂದರು. 2020ರ ನವೆಂಬರಿನಲ್ಲಿ ಇಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಜೊತೆ ಆದ ಒಪ್ಪಂದದಲ್ಲಿ ಎರಡೂ ಕಂಪನಿಯ ದಂಡ ಸೇರಿ 21 ಕೋಟಿ ಡಾಲರ್. ರೀಕಾಲ್ ಮಾಡಲು ತಡ ಮಾಡಿದ್ದು ಒಂದು ಮುಖ್ಯ ಆರೋಪ. ಕಿಮ್ ಅವರಿಗೆ 2021ರಲ್ಲಿ 2.4 ಕೋಟಿ ಡಾಲರಿಗೂ ಜಾಸ್ತಿ ಬಹುಮಾನ ಸಿಕ್ಕಿತು.

ನಿಮಗೆ ಬೇಕಾದ ಅಂಶ ಇದು. ಇಲ್ಲೂ ಮಾಲೀಕರು ಹೋದಾಗ ಮೊದಲು ಕೇಳುತ್ತಿದ್ದದ್ದು ಆಯಿಲ್ ಬದಲಾಯಿಸಿದ ರಸೀದಿ. ಆಮೇಲೆ ಕೋರ್ಟಿನಲ್ಲಿ ಆದ ಸೆಟ್ಲ್‌ಮೆಂಟಿನಲ್ಲಿ, ಇಂಜಿನ್ ಬ್ಲಾಕಿಗೆ, ಅಂದರೆ ಹಾಫ್ ಇಂಜಿನ್ನಿಗೆ, ವಾರಂಟಿ ವಿಸ್ತರಿಸಿದರು. ಅದನ್ನು ನಿರಾಕರಿಸಬೇಕಾದರೆ ಅಸಾಧಾರಣ ಮಟ್ಟದ ನಿರ್ಲಕ್ಷ್ಯ ಇರಬೇಕು ಅಂತ ಷರತ್ತು ಹಾಕಿದರು. ಒಂದು ಆಯಿಲ್ ಚೇಂಜ್ ಸ್ವಲ್ಪ ತಡವಾದದ್ದು, ಹೊರಗೆ ಮಾಡಿಸಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಭಾರತದಲ್ಲಿ ಆ ಸೆಟ್ಲ್‌ಮೆಂಟ್ ನಡೆಯುವುದಿಲ್ಲ, ಆದರೆ ವಾದದ ದಾರಿ ಅದೇ. ನಿಮ್ಮ ಬಿಲ್ ಫೈಲ್ ಇದೆಯಲ್ಲ, ಅದರ ಬೆಲೆ ಅವರಿಗೂ ಗೊತ್ತಿದೆ.

---

ಸುಜಾತಾ, ಸಾಗರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮನೆಯಲ್ಲಿ ಎಲ್ಲರೂ ಕೂತು ಓದಿದೆವು, ದುಡ್ಡು ಕಟ್ಟುವ ಮಾತು ನಿಂತಿದೆ.

ಹಳೆಯ ಜಾಬ್ ಕಾರ್ಡ್ ನೋಡಿದೆ. ಆಯಿಲ್ ಇಲ್ಲ, ಸೀಲಂಟ್ ಇಲ್ಲ. ಲೇಬರ್ ಅಂತ ಒಂದೇ ಸಾಲು ಇದೆ. ಬುಲೆಟಿನ್ ಕೇಳಿ ಮೇಲ್ ಹಾಕಿದ್ದಕ್ಕೆ "ಇಂಟರ್ನಲ್ ಡಾಕ್ಯುಮೆಂಟ್, ಕೊಡಲು ಬರುವುದಿಲ್ಲ" ಅಂತ ಉತ್ತರ ಬಂತು. ಆ ಉತ್ತರವನ್ನೂ ಪ್ರಿಂಟ್ ತೆಗೆದು ಫೈಲಿಗೆ ಹಾಕಿದ್ದೇನೆ. ಮೇಲ್ ಹೋದ ಮೇಲೆ ಪಾರ್ಕಿಂಗ್ ದುಡ್ಡಿನ ವಿಷಯ ಯಾರೂ ಎತ್ತಿಲ್ಲ. 1915ಕ್ಕೂ ಫೋನ್ ಮಾಡಿ ದಾಖಲಿಸಿದೆ.

ಶಿವಮೊಗ್ಗದಲ್ಲೇ ಒಬ್ಬ ಸರ್ವೇಯರ್ ಸಿಕ್ಕರು. ಗುರುವಾರ ಅವರ ಎದುರಿಗೆ ಟ್ಯಾಪೆಟ್ ಕವರ್ ಮತ್ತು ಚೇಂಬರ್ ಬಿಚ್ಚಲು ಮ್ಯಾನೇಜರ್ ಒಪ್ಪಿದ್ದಾರೆ. ಆದರೆ ಆಯಿಲ್ ಫಿಲ್ಟರ್ ಈಗಾಗಲೇ ತೆಗೆದಿದ್ದಾರಂತೆ, "ಬೇಕಾದರೆ ನೀವೇ ತಗೊಂಡು ಹೋಗಿ" ಅಂದರು. ತರಲಾ ಬೇಡವಾ, ಮಂಜಣ್ಣ?

---

ಮಂಜುನಾಥ, ಗ್ಯಾರೇಜ್, ಹುಬ್ಬಳ್ಳಿ

ಸುಮ್ನೆ ಕೈಯಲ್ಲಿ ಹಿಡಿದುಕೊಂಡು ಬರಬೇಡ್ರಿ ಅಕ್ಕಾ. ಅದು ನಿಮ್ಮ ಗಾಡಿಯದ್ದೇ ಅಲ್ಲ ಅಂತ ನಾಳೆ ಹೇಳುತ್ತಾರೆ. ಯಾವಾಗ ತೆಗೆದರು, ಯಾರು ತೆಗೆದರು, ನಿಮ್ಮನ್ನು ಕೇಳದೆ ಯಾಕೆ ತೆಗೆದರು ಅಂತ ಇವತ್ತೇ ಮೇಲ್ ಹಾಕಿ. ಗುರುವಾರ ಸರ್ವೇಯರ್ ಎದುರಿಗೇ ಅದನ್ನು ಪ್ಯಾಕ್ ಮಾಡಿಸಿ. ತೊಳೆಯಬಾರದು, ಒರೆಸಬಾರದು, ಊದುವ ಹಾಗೂ ಇಲ್ಲ. ದಪ್ಪ ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಯಿಗೆ ಟೇಪ್ ಸುತ್ತಿ, ಟೇಪಿನ ಮೇಲೆ ನೀವು, ಸರ್ವೇಯರ್, ಮ್ಯಾನೇಜರ್ ಮೂವರೂ ಸಹಿ ಹಾಕಿ. ತಾರೀಖು ಬರೆಯಿರಿ.

ಫಿಲ್ಟರನ್ನು ಕತ್ತರಿಸಿ ಒಳಗಿನ ಕಾಗದ ಬಿಡಿಸಿದರೆ ಪುಡಿ ಕಾಣುತ್ತದೆ. ಅದನ್ನು ನೀವು ಮಾಡಬೇಡಿ, ಅವರೂ ಮಾಡುವುದು ಬೇಡ. ಲ್ಯಾಬ್ ಮಾಡಲಿ. ಚೇಂಬರಿನಿಂದ ಆಯಿಲ್ ಇಳಿಸುವಾಗ ಹೊಸ ಬಾಟಲಿಯಲ್ಲಿ ಕಾಲು ಲೀಟರ್ ಹಿಡಿದು ಅದಕ್ಕೂ ಹಾಗೇ ಸೀಲ್ ಮಾಡಿ. ಬೇರಿಂಗ್ ಕ್ಯಾಪ್ ಬಿಚ್ಚಿದರೆ ಒಂದೊಂದು ಜೊತೆ ಶೆಲ್ಲಿಗೂ (ಬೇರಿಂಗಿನ ಎರಡು ಅರ್ಧ) ಒಂದೊಂದು ಕವರ್, ಮೇಲೆ ಸಿಲಿಂಡರ್ ನಂಬರ್. ಎಲ್ಲ ಒಂದೇ ಡಬ್ಬಿಗೆ ಹಾಕಿದರೆ ಯಾವುದು ಸುಟ್ಟಿದ್ದು, ಯಾವುದು ಚೆನ್ನಾಗಿದ್ದದ್ದು ಅಂತ ಆಮೇಲೆ ಗೊತ್ತಾಗುವುದಿಲ್ಲ.

ಗುರುವಾರ ನಾನು ಅಂಗಡಿಯಲ್ಲೇ ಇರುತ್ತೇನೆ. ಚೇಂಬರ್ ಇಳಿಸಿದ ಕೂಡಲೇ ಸ್ಟ್ರೇನರ್ ಜಾಲರಿಯದ್ದೊಂದು ಹತ್ತಿರದ ಫೋಟೋ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.