ಬಿಳಿ ಸೆರಗು, ತುರಿಕೆ, ವಾಸನೆ: ಡಾಕ್ಟರನ್ನೇ ಕೇಳಿ (ಮಹಿಳೆಯರ ಚಾಟ್ ಗುಂಪಿನ ಮಾತುಕತೆ)

ತುಮಕೂರು ಸದಸ್ಯೆ: ಎರಡು ಮುಟ್ಟಿನ ನಡುವಿನ ದಿನಗಳಲ್ಲಿ ಮೊಟ್ಟೆ ಲೋಳೆಯಂತೆ ಎಳೆಎಳೆಯಾಗಿ ಬಿಳಿ ಹೋಗುತ್ತೆ. ತುರಿಕೆ, ವಾಸನೆ ಇಲ್ಲ. ಸೋಂಕಾ?

ಡಾಕ್ಟರ್: ಅಲ್ಲಮ್ಮ, ಅಂಡಾಣು ಬಿಡುಗಡೆ ಸಮಯದಲ್ಲಿ ಅದು ಸಹಜ. ತುರಿಕೆ, ಉರಿ, ಮೀನಿನಂಥ ವಾಸನೆ, ಹಸಿರು-ಹಳದಿ ನೊರೆ ಕಂಡರೆ ತೋರಿಸಿ.

ಹಾವೇರಿ ಸದಸ್ಯೆ: ಒಡೆದ ಮೊಸರಿನಂಗ ಹೋಗ್ತದ್ರಿ, ತುರಿಕಿ ಭಾಳ. ಮೆಡಿಕಲ್‌ನ್ಯಾಗ ಕೊಟ್ಟ ಗುಳಿಗಿಗೆ ಕಡಿಮಿ ಆಗಿ ಮತ್ತ ಬರ್ತದ. ವರ್ಷದಾಗ ಐದನೇ ಸಲ.

ಡಾಕ್ಟರ್: ಫಂಗಸ್ ಇರಬಹುದು. ನೋಡದೆ ಅದೇ ಗುಳಿಗೆ ಬೇಡ. ಸ್ವಾಬ್ ಪರೀಕ್ಷೆಯ (ಹತ್ತಿ ಕಡ್ಡಿಯಲ್ಲಿ ಸ್ರಾವ ತೆಗೆದು ನೋಡುವುದು) ಜೊತೆ ಶುಗರ್ ಕೂಡ ಮಾಡಿಸಿ.

ದಾವಣಗೆರೆ ಸದಸ್ಯೆ: ಫಾರ್ವರ್ಡ್ ಬಂದದ್ದು: "ಪಟಿಕದ ನೀರಲ್ಲಿ ಒಳಗೆ ತೊಳೆದು, ರಾತ್ರಿ ಬೆಳ್ಳುಳ್ಳಿ ಎಸಳು ಇಟ್ಟುಕೊಂಡರೆ ಮೂರೇ ದಿನದಲ್ಲಿ ವಾಸಿ."

ಡಾಕ್ಟರ್: ಯಾರೂ ಮಾಡಬೇಡಿ! ಯೋನಿಯೊಳಗಿನ ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾಗಳೇ ಅಲ್ಲಿನ ಹುಳಿ ಗುಣ ಕಾಪಾಡಿ ರೋಗಾಣು ತಡೆಯುತ್ತವೆ. ಒಳಗೆ ತೊಳೆದರೆ ಅವೇ ಹೋಗುತ್ತವೆ. ಬೆಳ್ಳುಳ್ಳಿಯಿಂದ ಒಳಚರ್ಮ ಸುಡುತ್ತದೆ.

ದಾವಣಗೆರೆ ಸದಸ್ಯೆ: ನಮ್ಮಜ್ಜಿ ಕಾಲದಿಂದ ಮಾಡ್ತಿದ್ದಾರೆ.

ಮಂಡ್ಯ ಸದಸ್ಯೆ: ನಿಮ್ಮಜ್ಜಿ ಪಟ್ಟ ಪಾಡು ಯಾರ ಹತ್ರ ಹೇಳ್ಕೊಂಡಿದ್ರು?

ದಾವಣಗೆರೆ ಸದಸ್ಯೆ: ಅಜ್ಜಿ ಸುದ್ದಿಗೆ ಬರಬೇಡಿ.

ಕೋಲಾರ ಸದಸ್ಯೆ: ಬಿಳಿ ಹೋದರೆ ಮೂಳೆ ಕರಗುತ್ತಂತೆ?

ಡಾಕ್ಟರ್: ಸುಳ್ಳು.

ಪುತ್ತೂರು ಸದಸ್ಯೆ: ಕಾಪರ್-ಟಿ ಹಾಕಿಸಿದ ಮೇಲೆ ಬಿಳಿ ಜಾಸ್ತಿ. ತೆಗೆಸಬೇಕಾ?

ಮೈಸೂರು ಸದಸ್ಯೆ: ಅಮ್ಮನಿಗೆ 56, ಮುಟ್ಟು ನಿಂತು 5 ವರ್ಷ. ಒಂದು ತಿಂಗಳಿಂದ ನೀರಾಗಿ ಹೋಗುತ್ತಿದೆ, ವಾಸನೆ, ನಸುಗೆಂಪು ಕಲೆ. ನಾಚಿಕೆಗೆ ಹೇಳದೆ ಒಳಲಂಗ ತಾವೇ ಒಗೆದು ಮಂಚದ ಹಿಂದೆ ಒಣಗಿಸುತ್ತಿದ್ದರು. ಪಟಿಕ ನೋಡಲಾ?

ಡಾಕ್ಟರ್: ಪಟಿಕದ ಮಾತೇ ಬೇಡ, ಈ ವಾರವೇ ಕರೆದುಕೊಂಡು ಹೋಗಿ. ಮುಟ್ಟು ಪೂರ್ತಿ ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಸೋಂಕೆಂದು ಮಾತ್ರೆ ಕೊಟ್ಟು ಕಳಿಸುವಂತಿಲ್ಲ. ಈಸ್ಟ್ರೋಜನ್ ಎಂಬ ಹಾರ್ಮೋನ್ ಇಳಿದು ಯೋನಿಯ ಒಳಚರ್ಮ ತೆಳುವಾಗಿಯೂ ಹೀಗಾಗುತ್ತದೆ, ಬಹಳ ಜನರಲ್ಲಿ ಅಷ್ಟೇ ಇರುತ್ತದೆ, ಅದಕ್ಕೆ ಸುಲಭ ಚಿಕಿತ್ಸೆಯಿದೆ. ಆದರೆ ಗರ್ಭಕೋಶದ ಅಥವಾ ಗರ್ಭಕೊರಳಿನ ಕ್ಯಾನ್ಸರ್ ಕೂಡ ಮೊದಲು ಹೀಗೇ ಕಾಣಿಸಿಕೊಳ್ಳಬಹುದು. ಸ್ಪೆಕ್ಯುಲಮ್ (ಯೋನಿ ಅಗಲಿಸಿ ನೋಡುವ ಸಾಧನ) ಹಾಕಿ ಗರ್ಭಕೊರಳು ನೋಡಲೇಬೇಕು. ಆಮೇಲೆ ಯೋನಿಯೊಳಗಿನಿಂದ ಸ್ಕ್ಯಾನ್. ಗರ್ಭಕೋಶದ ಒಳಪದರ 4 ಮಿಲಿಮೀಟರ್‌ಗಿಂತ ದಪ್ಪವಿದ್ದರೆ ಬಯಾಪ್ಸಿ (ಚೂರು ತೆಗೆದು ಪರೀಕ್ಷೆ) ಮಾಡಬೇಕಾಗುತ್ತದೆ. ಕಲೆಯಾದ ಬಟ್ಟೆ ಒಗೆಯದೆ ತೆಗೆದುಕೊಂಡು ಹೋಗಿ ತೋರಿಸಿ.

ದಾವಣಗೆರೆ ಸದಸ್ಯೆ: ಎಲ್ಲದಕ್ಕೂ ಕ್ಯಾನ್ಸರ್ ಅಂತ ಹೆದರಿಸೋದೇ ಆಯ್ತು.

ಮಂಡ್ಯ ಸದಸ್ಯೆ: ಅಡ್ಮಿನ್, ಮೊದಲು ಆ ಬೆಳ್ಳುಳ್ಳಿ ಫಾರ್ವರ್ಡ್ ಅಳಿಸಿ.

ಕೋಲಾರ ಸದಸ್ಯೆ: ಸೊಂಟ ನೋಯುತ್ತೆ ಮೇಡಂ, ಮೂಳೆ ಕರಗ್ತಿರಬಹುದಾ?

ಡಾಕ್ಟರ್: ಮೇಲೆ ಹೇಳಿದ್ದೇನೆ. ಕಿಬ್ಬೊಟ್ಟೆ ನೋವು, ಜ್ವರ ಇದ್ದರೆ ತೋರಿಸಿ.

ಮೈಸೂರು ಸದಸ್ಯೆ: ಗುರುವಾರ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಅಮ್ಮ ಮಾತ್ರ "ಈ ವಯಸ್ಸಲ್ಲಿ ಅಲ್ಲೆಲ್ಲ ತೋರಿಸೋದಾ" ಅಂತಿದ್ದಾರೆ.

ಡಾಕ್ಟರ್: ಲೇಡಿ ಡಾಕ್ಟರೇ ಬೇಕೆಂದು ಕೇಳಿ, ನೀವು ಪಕ್ಕದಲ್ಲೇ ನಿಲ್ಲಿ. ಗುರುವಾರ ತಪ್ಪಿಸಬೇಡಿ. ರಿಪೋರ್ಟ್ ಇಲ್ಲಿ ಹಾಕಬೇಡಿ, ನನಗೇ ಕಳಿಸಿ.