ಜಿಪ್ಸಿ ಎಂಜಿನ್‌ಗೆ ಡೀಸೆಲ್ ಕಾರಿನ ಟರ್ಬೊ ಹಾಕಬಹುದಾ?

ಶಿಡ್ಲಘಟ್ಟ_ಶೆಡ್:

ಎಲ್ಲರಿಗೂ ನಮಸ್ಕಾರ. ಶಿಡ್ಲಘಟ್ಟದ ಹತ್ತಿರ ನಮ್ಮ ತೋಟದ ಶೆಡ್‌ನಲ್ಲಿ ಒಂದು ಕಾರು ಕಟ್ಟುತ್ತಿದ್ದೇನೆ. ಲೋಟಸ್ ಸೆವೆನ್ ಅನ್ನುವ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಥರದ್ದು. ಎರಡು ಸೀಟು, ಬಾಗಿಲಿಲ್ಲ, ಚೌಕ ಪೈಪಿನ ಫ್ರೇಮ್. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಎಲ್ಲವೂ ಮಾರುತಿ ಜಿಪ್ಸಿಯದು. 1298 ಸಿಸಿ, 16 ವಾಲ್ವ್, ಎಂಪಿಎಫ್‌ಐ, ಕಂಪನಿ ಲೆಕ್ಕದಲ್ಲಿ 80 ಬಿಎಚ್‌ಪಿ. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಆಕ್ಸಲ್‌ಗೆ ಶಕ್ತಿ ಹಂಚುವ ಪೆಟ್ಟಿಗೆ) ಗೇರ್‌ಬಾಕ್ಸ್‌ಗೆ ಅಂಟಿಕೊಂಡಿಲ್ಲ, ಬೇರೆಯಾಗಿಯೇ ಕೂತಿರುತ್ತದೆ. ಅದನ್ನು ತೆಗೆದು ಹೊಸ ಪ್ರೊಪೆಲ್ಲರ್ ಶಾಫ್ಟ್ ಮಾಡಿಸಿ ನೇರ ಆಕ್ಸಲ್‌ಗೆ ಕೊಟ್ಟಿದ್ದೇನೆ.

ಕಾರು ಓಡುತ್ತಿದೆ. ಇಂಜೆಕ್ಷನ್‌ಗೆ ಸ್ಪೀಡುಯಿನೋ ಇಸಿಯು (ನಾವೇ ಟ್ಯೂನ್ ಮಾಡಬಹುದಾದ ಎಂಜಿನ್ ಕಂಪ್ಯೂಟರ್) ಹಾಕಿದ್ದೇನೆ. ಈಗ ಟರ್ಬೊ (ಎಕ್ಸಾಸ್ಟ್ ಹೊಗೆಯ ಬಲದಿಂದ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ) ಆಸೆ ಹತ್ತಿದೆ. ಬೆಂಗಳೂರಿನ ಗುಜರಿಯಲ್ಲಿ ಸ್ವಿಫ್ಟ್ ಡೀಸೆಲ್ 75 ಪಿಎಸ್ ಎಂಜಿನ್ನಿನ ಟರ್ಬೊ ಒಂದು ಸಿಕ್ಕಿದೆ. ಶಾಫ್ಟ್ ಆಟ ಇಲ್ಲ, ಬ್ಲೇಡ್ ಚೆನ್ನಾಗಿವೆ. ಅದೂ 1.3, ಇದೂ 1.3. ಹಾಗೇ ಕೂರಿಸಬಹುದಾ? ಪಿಸ್ಟನ್ ಬದಲಿಸಲೇಬೇಕಾ? ಎಷ್ಟು ಬೂಸ್ಟ್ (ಟರ್ಬೊ ಕೊಡುವ ಹೆಚ್ಚುವರಿ ಗಾಳಿ ಒತ್ತಡ) ಕೊಡಬಹುದು? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಕೋಲಾರ_ಕೆಎ07:

ಕಾರು ತುಂಬಾ ಚೆನ್ನಾಗಿ ಬರುತ್ತಿದೆ ಬ್ರದರ್. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇದನ್ನು ರಸ್ತೆಗೆ ತರಬೇಡಿ. ಕಂಪನಿ ಕೊಟ್ಟ ಸ್ಪೆಸಿಫಿಕೇಷನ್ ಬದಲಿಸಿದ ಗಾಡಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ನಿಮ್ಮದು ಬದಲಿಸಿದ್ದಲ್ಲ, ಪೂರ್ತಿ ಹೊಸದಾಗಿ ಕಟ್ಟಿದ್ದು. ವಾಹನ ಪರೀಕ್ಷಿಸುವ ಪುಣೆಯ ಎಆರ್‌ಎಐನಂಥ ಸಂಸ್ಥೆಯ ಒಪ್ಪಿಗೆ ಇಲ್ಲದೆ ಯಾವ ಆರ್‌ಟಿಒ ಕೂಡ ನಂಬರ್ ಕೊಡುವುದಿಲ್ಲ. ಜಿಪ್ಸಿಯ ಹಳೇ ಆರ್‌ಸಿ ಇಟ್ಟುಕೊಂಡು ಓಡಿಸುತ್ತೇನೆ ಅಂದರೆ ಇನ್ನೂ ಕೆಟ್ಟದ್ದು, ಅಪಘಾತವಾದರೆ ಇನ್ಶೂರೆನ್ಸ್ ಕೈಬಿಡುತ್ತದೆ. ಟ್ರೇಲರ್ ಮೇಲೆ ಹಾಕಿಕೊಂಡು ಕೊಯಮತ್ತೂರಿನ ಕರಿ ಟ್ರ್ಯಾಕ್‌ಗೆ ಹೋಗಿ. ಟರ್ಬೊ ವಿಷಯ ಬಲ್ಲವರು ಹೇಳಲಿ.

ಅಂತರಸನಹಳ್ಳಿ_ಲೇತ್:

ನಾನು ತುಮಕೂರಿನಲ್ಲಿ ಹೆಡ್ ಮತ್ತು ಬೋರ್ ಕೆಲಸ ಮಾಡುವವನು. ಟರ್ಬೊ ಹಾಕಿ ಸುಟ್ಟುಕೊಂಡ ಪೆಟ್ರೋಲ್ ಎಂಜಿನ್‌ಗಳು ನನ್ನ ಟೇಬಲ್‌ಗೆ ಬರುತ್ತವೆ. ಬಹಳಷ್ಟರಲ್ಲಿ ಒಂದೇ ಗುರುತು: ಪಿಸ್ಟನ್ನಿನ ಮೇಲಿನ ಎರಡು ರಿಂಗ್‌ಗಳ ನಡುವಿನ ಅಂಚು ಚೂರಾಗಿರುತ್ತದೆ. ಅದು ನಾಕಿಂಗ್ ಹೊಡೆತ, ಅಂದರೆ ಪೆಟ್ರೋಲ್ ಮಿಶ್ರಣ ಸರಿಯಾಗಿ ಉರಿಯದೆ ತಾನಾಗಿಯೇ ಸಿಡಿಯುವುದು. ಬೂಸ್ಟ್ ಜಾಸ್ತಿ ಆಯಿತು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅದೇ ಬೂಸ್ಟ್‌ನಲ್ಲಿ ಟೈಮಿಂಗ್ ಹಿಂದಕ್ಕೆ ಇಟ್ಟು (ಪ್ಲಗ್ ಕಿಡಿ ಸ್ವಲ್ಪ ತಡವಾಗಿ ಕೊಟ್ಟು), ಪೆಟ್ರೋಲ್ ಸರಿಯಾಗಿ ಕೊಟ್ಟಿದ್ದರೆ ಆ ಪಿಸ್ಟನ್ ಉಳಿಯುತ್ತಿತ್ತು.

ಈಗ ನಿಮ್ಮ ಟರ್ಬೊ. ಎರಡೂ 1.3 ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಆ ಡೀಸೆಲ್ 4,000 ಆರ್‌ಪಿಎಂಗೆ ತನ್ನ ಪೂರ್ತಿ ಶಕ್ತಿ ಕೊಟ್ಟು ಮುಗಿಸುತ್ತದೆ. ನಿಮ್ಮದು 6,000ಕ್ಕೆ ಕೊಡುತ್ತದೆ. ಆ ಪುಟ್ಟ ಟರ್ಬೈನ್ ಮೇಲಿನ ಆರ್‌ಪಿಎಂನಲ್ಲಿ ಹೊಗೆಯನ್ನು ತಡೆದು ನಿಲ್ಲಿಸುತ್ತದೆ. ಬಿಸಿ ಹೊಗೆ ಸಿಲಿಂಡರ್‌ನಲ್ಲೇ ಉಳಿದರೆ ಮುಂದಿನ ಸುತ್ತಿಗೆ ನಾಕಿಂಗ್ ಇನ್ನೂ ಹತ್ತಿರ. ಸಾಲದ್ದಕ್ಕೆ ಪೆಟ್ರೋಲ್ ಹೊಗೆ ಡೀಸೆಲ್‌ಗಿಂತ ಬಹಳ ಬಿಸಿ, ಪೂರ್ತಿ ಲೋಡ್‌ನಲ್ಲಿ 900 ಡಿಗ್ರಿ ದಾಟುತ್ತದೆ. ವೇಸ್ಟ್‌ಗೇಟ್ (ಹೆಚ್ಚಾದ ಹೊಗೆಯನ್ನು ಟರ್ಬೈನ್ ಪಕ್ಕದಿಂದ ಬಿಟ್ಟು ಬೂಸ್ಟ್ ಮಿತಿಯಲ್ಲಿಡುವ ಬಾಗಿಲು) ಆಕ್ಚುಯೇಟರ್‌ನ ಸ್ಪ್ರಿಂಗ್ ಕೂಡ ಡೀಸೆಲ್ ಬೂಸ್ಟ್‌ಗೆ ಹೊಂದಿಸಿದ ಗಟ್ಟಿ ಸ್ಪ್ರಿಂಗ್. ಬೂಸ್ಟ್ ಕಂಟ್ರೋಲರ್ ಹಾಕಿದರೆ ಏರಿಸಬಹುದು ಅಷ್ಟೇ. ಸ್ಪ್ರಿಂಗ್‌ಗಿಂತ ಕೆಳಗೆ ಇಳಿಸಲು ಆಗುವುದಿಲ್ಲ.

ಇನ್ನೊಂದು ನೋಡಿ. ಟ್ರಾನ್ಸ್‌ಫರ್ ಕೇಸ್ ತೆಗೆದಿದ್ದೀರಿ. ಜಿಪ್ಸಿಯಲ್ಲಿ ಅದು ಹೈನಲ್ಲಿದ್ದಾಗಲೂ ಸುಮಾರು 1.4ರ ರಿಡಕ್ಷನ್ ಕೊಡುತ್ತದೆ. ಅದು ಹೋಯಿತು, ಅಂದರೆ ನಿಮ್ಮ ಗೇರ್‌ಗಳೆಲ್ಲ ಉದ್ದವಾದವು. ನಾಲ್ಕನೇ ಗೇರ್‌ನಲ್ಲಿ 2,500ಕ್ಕೆ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಎಂಜಿನ್ ಏದುಸಿರು ಬಿಡುತ್ತಾ ಏಳುತ್ತದೆ. ಪುಟ್ಟ ಟರ್ಬೊ ಅದೇ ಹೊತ್ತಿಗೆ ಪೂರ್ತಿ ಬೂಸ್ಟ್ ತುಂಬುತ್ತದೆ. ಕಡಿಮೆ ಆರ್‌ಪಿಎಂ, ಜಾಸ್ತಿ ಲೋಡ್, ಪೂರ್ತಿ ಬೂಸ್ಟ್. ಅಂಚು ಒಡೆಯುವುದು ಇಲ್ಲೇ. ನನ್ನನ್ನು ಕೇಳಿದರೆ ಪೆಟ್ರೋಲ್‌ಗೆಂದೇ ಮಾಡಿದ ಟರ್ಬೊ ಹುಡುಕಿ. ಫಿಯೆಟ್ ಲಿನಿಯಾ ಟಿ-ಜೆಟ್‌ನದು 1.4 ಪೆಟ್ರೋಲ್, 114 ಪಿಎಸ್ ಕಾರಿಗೆ ಕೊಟ್ಟಿದ್ದು. ನಿಮ್ಮ ಅಳತೆಗೆ ಸರಿಹೋಗುತ್ತದೆ.

ಪಿಸ್ಟನ್ ಬಿಚ್ಚುವ ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿ, ಅಂದರೆ ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಅಂತ ಗೇಜ್ ಹಾಕಿ ನೋಡಿ. ನಾಲ್ಕು ಸಿಲಿಂಡರ್ ನಡುವೆ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಟರ್ಬೊ ಮಾತು ಬಿಡಿ, ಮೊದಲು ಎಂಜಿನ್ ಕೆಲಸ. ಚೆನ್ನಾಗಿದ್ದರೆ ಕಂಪನಿ ಪಿಸ್ಟನ್‌ನಲ್ಲೇ 0.4 ಬಾರ್ ಕೊಡಿ. ಅದಕ್ಕಿಂತ ಮೇಲೆ ಹೋಗಬೇಡಿ.

0.4 ಕಡಿಮೆ ಅನ್ನಿಸಬಹುದು. ನೀವಿರುವ ಎತ್ತರ ನೆನಪಿಡಿ. ಚಿಕ್ಕಬಳ್ಳಾಪುರ ಸೀಮೆ ಸಮುದ್ರಮಟ್ಟದಿಂದ 900 ಮೀಟರ್ ಆಸುಪಾಸು. ಅಲ್ಲಿ ಗಾಳಿಯ ಒತ್ತಡವೇ ಸುಮಾರು 0.91 ಬಾರ್. ಹಾಗಾಗಿ ನಿಮ್ಮ 80 ಕುದುರೆ ಅಲ್ಲಿ 72ರ ಹತ್ತಿರ ಇರುತ್ತದೆ. 0.4 ಸೇರಿಸಿದರೆ 1.31, ಅಂದರೆ ಮೊದಲಿನ 1.44ರಷ್ಟು. ಬಿಸಿ ಮತ್ತು ಟೈಮಿಂಗ್ ನಷ್ಟ ಕಳೆದರೂ 95ರ ಹತ್ತಿರ ನಿಲ್ಲುತ್ತದೆ. 600 ಕೆಜಿ ಕಾರಿಗೆ ಇದು ದೊಡ್ಡ ಶಕ್ತಿ.

ಬಿಸಿ ಅಂದೆನಲ್ಲ. ಏಪ್ರಿಲ್‌ನಲ್ಲಿ 35 ಡಿಗ್ರಿಯ ಗಾಳಿ ಈ ಒತ್ತಡಕ್ಕೆ ಕಂಪ್ರೆಸರ್ ದಾಟಿದರೆ 85 ಡಿಗ್ರಿ ಮುಟ್ಟುತ್ತದೆ. ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಬೇಕೇ ಬೇಕು. ಇಷ್ಟು ಸಣ್ಣ ಬೂಸ್ಟ್‌ಗೆ ಬೇಡ ಅನ್ನುವವರ ಮಾತು ಕೇಳಬೇಡಿ.

ಇಸಿಯುನಲ್ಲಿ ಮ್ಯಾಪ್ ಸೆನ್ಸರ್ (ಇನ್‌ಟೇಕ್ ಗಾಳಿಯ ಒತ್ತಡ ಅಳೆಯುವುದು) 2.5 ಬಾರ್‌ದು ಇರಲಿ. ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ನೋಡಿ. ನಿಮ್ಮೂರಲ್ಲಿ ಅದು 91 ಕೆಪಿಎ ಹತ್ತಿರ ತೋರಿಸಬೇಕು. 101 ತೋರಿಸಿದರೆ ಕ್ಯಾಲಿಬ್ರೇಷನ್ ತಪ್ಪಿದೆ, ಮುಂದಿನ ಟ್ಯೂನಿಂಗ್ ಎಲ್ಲ ತಪ್ಪುತ್ತದೆ. ಇಂಜೆಕ್ಟರ್ 280 ಸಿಸಿ ಆಸುಪಾಸಿನದು ಹಾಕಿ. ಈಗ ಬಂಕ್‌ನಲ್ಲಿ ಸಿಗುವುದು ಇ20, ಅಂದರೆ ನೂರಕ್ಕೆ ಇಪ್ಪತ್ತು ಎಥನಾಲ್ ಬೆರೆಸಿದ ಪೆಟ್ರೋಲ್. ಅದರ ಗಾಳಿ-ಪೆಟ್ರೋಲ್ ಸರಿ ಅನುಪಾತ 14.7 ಅಲ್ಲ, 13.5 ಹತ್ತಿರ. ಹಾಗಾಗಿ ಹೊಗೆಯಿಂದ ಮಿಶ್ರಣ ಅಳೆಯುವ ವೈಡ್‌ಬ್ಯಾಂಡ್ ಮೀಟರನ್ನು ಲ್ಯಾಂಬ್ಡಾದಲ್ಲೇ ಓದಿ (ಸರಿ ಅನುಪಾತಕ್ಕೆ 1, ಪೆಟ್ರೋಲ್ ಜಾಸ್ತಿಯಾದರೆ ಅದಕ್ಕಿಂತ ಕಡಿಮೆ). ಬೂಸ್ಟ್‌ನಲ್ಲಿ 0.80 ಇರಲಿ. ಟೈಮಿಂಗ್ ಒಂದು ಪಿಎಸ್‌ಐಗೆ ಒಂದು ಡಿಗ್ರಿಯಂತೆ ಹಿಂದಕ್ಕೆ ತಂದು ಶುರು ಮಾಡಿ, ಅಂದರೆ ಆರು ಡಿಗ್ರಿ. 3,000ದ ಕೆಳಗೆ ಇನ್ನೂ ಸ್ವಲ್ಪ ಹಿಂದಕ್ಕೆ. ಪ್ಲಗ್ ಒಂದು ಮೆಟ್ಟಿಲು ಕೋಲ್ಡ್ (ಬಿಸಿಯನ್ನು ಬೇಗ ಬಿಟ್ಟುಕೊಡುವುದು) ಇರಲಿ.

ಕೆಜಿಎಫ್_ವೆಲ್ಡಿಂಗ್:

ಲೇತ್ ಅಣ್ಣ ಎಂಜಿನ್ ಕಡೆ ಎಲ್ಲ ಹೇಳಿದ್ದಾರೆ. ನಾನು ಪೈಪ್ ಕಡೆ ಹೇಳುತ್ತೇನೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ ತೆಳ್ಳನೆಯ ಸ್ಟೇನ್‌ಲೆಸ್ ಪೈಪ್ ಬೇಡ. ಟರ್ಬೊ ತೂಕಕ್ಕೆ, ಬಿಸಿಗೆ ಬಿರುಕು ಬಿಡುತ್ತದೆ. ನಿಮ್ಮೂರಲ್ಲಿ ರೇಷ್ಮೆ ಬಿಚ್ಚಾಣಿಕೆ ಬಾಯ್ಲರ್‌ಗೆ ಹಾಕುವ ದಪ್ಪ ಸ್ಟೀಮ್ ಪೈಪ್ ಬೆಂಡ್ ಸಿಗುತ್ತವೆ ಅಲ್ವಾ, ಅವೇ ಸಾಕು. ಫ್ಲ್ಯಾಂಜನ್ನು ಹೆಡ್‌ಗೆ ಬೋಲ್ಟ್ ಮಾಡಿಟ್ಟೇ ವೆಲ್ಡ್ ಮಾಡಿ, ಆಮೇಲೆ ಮುಖ ಮಟ್ಟಸ ಮಾಡಿಸಿ. ಟರ್ಬೊ ತೂಕಕ್ಕೆ ಬ್ಲಾಕ್‌ನಿಂದ ಒಂದು ಬ್ರಾಕೆಟ್ ಕೊಡಿ.

ಆಯಿಲ್ ರಿಟರ್ನ್ ಪೈಪ್ ವಿಷಯದಲ್ಲಿ ಮಾತ್ರ ರಾಜಿ ಬೇಡ. ಟರ್ಬೊದಿಂದ ಆಯಿಲ್ ಬರೀ ಇಳಿಜಾರಿನಲ್ಲೇ ಸಂಪ್‌ಗೆ (ಎಂಜಿನ್ ತಳದ ಆಯಿಲ್ ತಟ್ಟೆಗೆ) ಬರಬೇಕು. ಎಲ್ಲೂ ಮೇಲೇರಬಾರದು, ಪೈಪ್ ದಪ್ಪ ಇರಬೇಕು, ಸಂಪ್‌ನ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ಇಲ್ಲದಿದ್ದರೆ ಆಯಿಲ್ ಸೀಲ್ ದಾಟಿ ನೀಲಿ ಹೊಗೆ ಶುರು. ಸೆವೆನ್ ಥರದ ಕಾರಿನಲ್ಲಿ ಎಂಜಿನ್ ತಗ್ಗಿನಲ್ಲಿ ಇರುವುದರಿಂದ ಇದಕ್ಕೆ ಜಾಗ ಕಡಿಮೆ. ಮೊದಲು ರಟ್ಟಿನಲ್ಲಿ ಟರ್ಬೊ ಅಳತೆ ಮಾಡಿ ಜಾಗ ನೋಡಿಕೊಳ್ಳಿ. ಬ್ರೇಕ್ ಮಾಸ್ಟರ್ ಸಿಲಿಂಡರ್, ಪೆಟ್ರೋಲ್ ಪೈಪ್ ಆ ಬದಿಯಲ್ಲಿದ್ದರೆ ಇನ್ನೊಂದು ಬದಿಗೆ ಸರಿಸಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಕಡೆ ಇರಲಿ.

ಶಿಡ್ಲಘಟ್ಟ_ಶೆಡ್:

ಅಣ್ಣಂದಿರಿಗೆ ತುಂಬಾ ಥ್ಯಾಂಕ್ಸ್. ರಸ್ತೆಗೆ ತರುವುದಿಲ್ಲ. ಗೇರ್ ಉದ್ದವಾಗಿದ್ದು ಓಡಿಸುವಾಗ ಗೊತ್ತಾಗುತ್ತಿತ್ತು, ಅದಕ್ಕೂ ನಾಕಿಂಗ್‌ಗೂ ಸಂಬಂಧ ಇದೆ ಅಂತ ಈಗ ತಿಳಿಯಿತು. ಡೀಸೆಲ್ ಟರ್ಬೊ ವಾಪಸ್ ಕೊಡುತ್ತೇನೆ. ಕಂಪ್ರೆಷನ್ ಟೆಸ್ಟ್ ಈ ಭಾನುವಾರ. ಇನ್ನೊಂದು ಪ್ರಶ್ನೆ: ಬ್ಲೋ ಆಫ್ ವಾಲ್ವ್ (ತುಂಬಿದ ಗಾಳಿಯನ್ನು ಹೊರಬಿಡುವುದು) ಬೇಕಾ? ಡೀಸೆಲ್‌ನಲ್ಲಿ ಇರಲಿಲ್ಲ.

ಅಂತರಸನಹಳ್ಳಿ_ಲೇತ್:

ಬೇಕು. ಆ ಡೀಸೆಲ್‌ನಲ್ಲಿ ಆಕ್ಸಿಲರೇಟರ್ ಬಿಟ್ಟರೂ ಗಾಳಿಯ ದಾರಿ ಮುಚ್ಚುವುದಿಲ್ಲ. ನಿಮ್ಮದರಲ್ಲಿ ಕಾಲು ತೆಗೆದ ಕೂಡಲೇ ಥ್ರಾಟಲ್ ಮುಚ್ಚುತ್ತದೆ, ತುಂಬಿದ ಗಾಳಿ ಕಂಪ್ರೆಸರ್‌ಗೆ ಎದುರು ಹೊಡೆಯುತ್ತದೆ. ಹಾಗೇ ಬ್ರೇಕ್ ಬೂಸ್ಟರ್ ಇದ್ದರೆ ಅದರ ಪೈಪ್‌ಗೂ, ಪಿಸಿವಿಗೂ (ಎಂಜಿನ್ ಒಳಗಿನ ಆವಿಯನ್ನು ಇನ್‌ಟೇಕ್‌ಗೆ ಎಳೆಯುವ ಪೈಪ್) ಒನ್‌ವೇ ವಾಲ್ವ್ ಸರಿ ಇದೆಯಾ ಅಂತ ಊದಿ ನೋಡಿ. ಟೆಸ್ಟ್ ಆದ ಮೇಲೆ ನಾಲ್ಕೂ ಸಿಲಿಂಡರ್ ರೀಡಿಂಗ್ ಇಲ್ಲಿ ಹಾಕಿ. ಥ್ರಾಟಲ್ ಪೂರ್ತಿ ತೆರೆದಿಟ್ಟು ತೆಗೆಯಿರಿ, ಎಂಜಿನ್ ಬಿಸಿ ಇರಲಿ.