20 ಸಾವಿರದ ಸಿಗಾರ್: ಹಚ್ಚುವ ಮೊದಲೇ ಅದರ ಯೋಗ್ಯತೆ ತಿಳಿಯೋದು ಹೇಗೆ?

ಗೂಡಿನಮನೆ (ಶಿಡ್ಲಘಟ್ಟ)

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟದ ಪಕ್ಕದ ಹಳ್ಳಿ, ರೇಷ್ಮೆ ಬೆಳೆಯೇ ಕಸುಬು. ದುಬೈನಲ್ಲಿರುವ ನನ್ನ ಬಾಮೈದ ಹೋದ ವಾರ ಊರಿಗೆ ಬಂದಾಗ ಎರಡು ಸಿಗಾರ್ ತಂದುಕೊಟ್ಟ. ಕ್ಯೂಬಾದ ಕೊಹಿಬಾ ಬ್ರ್ಯಾಂಡಿನ ತಲಿಸ್ಮಾನ್, 2017ರ ಲಿಮಿಟೆಡ್ ಎಡಿಷನ್. ಮಾಮೂಲಿ ಪಟ್ಟಿಯ ಕೆಳಗೆ ಇನ್ನೊಂದು ಕಪ್ಪು ಪಟ್ಟಿ ಇದೆ, ಅದರ ಮೇಲೆ ವರ್ಷ. ಒಂದಕ್ಕೆ 20 ಸಾವಿರ ಕೊಟ್ಟನಂತೆ. ಹೋದ ಬೆಳೆಯಲ್ಲಿ ನನಗೆ ಕೆಜಿಗೆ 600 ಸಿಕ್ಕಿತ್ತು. ಅಂದರೆ ಒಂದು ಸಿಗಾರಿಗೆ 33 ಕೆಜಿ ಗೂಡು. ನಡುರಾತ್ರಿ ಎದ್ದು ಸೊಪ್ಪು ಹಾಕಿ ಬೆಳೆಸಿದ ಗೂಡು.

ನಾನು ವರ್ಷಕ್ಕೆ ಎರಡೋ ಮೂರೋ ಸೇದುವವನು, ಅದೂ ಬೆಳೆ ಚೆನ್ನಾಗಿ ಕೈಗೆ ಬಂದಾಗ. ಇಷ್ಟು ಬೆಲೆಯದ್ದು ಮುಟ್ಟಿಯೇ ಇರಲಿಲ್ಲ. ಗೂಡಾದರೆ ನನಗೆ ಗೊತ್ತು. ಬೆರಳಲ್ಲಿ ಒತ್ತಿದರೆ ಗಟ್ಟಿಯಾ ಮೆತ್ತಗಾ ತಿಳಿಯುತ್ತದೆ. ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗಿನ ಹುಳು ಹೇಗಿದೆ ಅಂತ ತಿಳಿಯುತ್ತದೆ. ಆ ಕೈ ಇಲ್ಲೂ ಕೆಲಸಕ್ಕೆ ಬರುತ್ತಾ? ಒಂದು ಸಿಗಾರ್ ಒತ್ತಿದರೆ ಒಳಕ್ಕೆ ಹೋಗಿ ಮತ್ತೆ ಮೇಲೆ ಬರುತ್ತದೆ. ಇನ್ನೊಂದು ಚರಚರ ಅನ್ನುತ್ತದೆ. ಡಬ್ಬಿ ಇಲ್ಲ, ಬಿಡಿಯಾಗಿ ಕೊಂಡಿದ್ದು. ಅಸಲಿ ಹೌದೋ ಅಲ್ಲವೋ ಅನ್ನೋದೂ ಒಂದು ಚಿಂತೆ.

ಸದ್ಯಕ್ಕೆ ಪಂಪ್‌ಸೆಟ್ ಮನೆಯಲ್ಲಿ ಇಟ್ಟಿದ್ದೇನೆ. ಮನೆಯಲ್ಲಿ ರೇಷ್ಮೆ ಹುಳು ಇದೆ, ಹೊಗೆಸೊಪ್ಪು ಅದಕ್ಕೆ ವಿಷ. ಹೊಗೆಸೊಪ್ಪಿನ ಹೊಲದ ಪಕ್ಕದಲ್ಲಿ ಬೆಳೆದ ಹಿಪ್ಪುನೇರಳೆ ತಿಂದರೂ ಹುಳು ಕಕ್ಕಿ ಸಾಯುತ್ತದೆ. ಬೀಡಿ ಮುಟ್ಟಿದ ಕೈಯಲ್ಲಿ ಯಾರೂ ಹುಳು ಸಾಕುವ ತಟ್ಟೆ ಮುಟ್ಟದಂತೆ ನಮ್ಮ ಅಪ್ಪ ಬಾಗಿಲಲ್ಲೇ ನಿಂತಿರುತ್ತಿದ್ದರು.

ಚಾಂಪಿಯನ್‌ರೀಫ್ (ಕೆಜಿಎಫ್)

ಅಣ್ಣ, ಮೊದಲು ಅವನ್ನು ಪಂಪ್‌ಸೆಟ್ ಮನೆಯಿಂದ ಹೊರಗೆ ತನ್ನಿ. ಬಿಸಿಲಿಗೆ ಆ ಶೀಟು ಕಾಯುತ್ತದೆ. 25 ಡಿಗ್ರಿ ದಾಟಿದರೆ ಎಲೆಯೊಳಗೆ ಮೊಟ್ಟೆ ಇದ್ದಲ್ಲಿ ಒಡೆದು ಹೊಗೆಸೊಪ್ಪು ತಿನ್ನುವ ಹುಳ ಬರುತ್ತದೆ. ಸೂಜಿ ಚುಚ್ಚಿದಂಥ ತೂತು, ಸಣ್ಣ ಪುಡಿ ಕಂಡರೆ ಅದೇ ಅಂತ ತಿಳಿಯಿರಿ.

ನಿಮ್ಮ ಕೈ ಖಂಡಿತ ಕೆಲಸಕ್ಕೆ ಬರುತ್ತದೆ. ಮೇಲೆ ಬರುವುದು ಹದವಾಗಿದೆ, ಚರಚರ ಅನ್ನುವುದು ಒಣಗಿದೆ. ಒಣಗಿದ್ದನ್ನು ಈಗ ಹಚ್ಚಿದರೆ ಬೇಗ ಉರಿದು ನಾಲಿಗೆ ಸುಡುತ್ತದೆ, ಆ 20 ಸಾವಿರ ಕಾರದ ಹೊಗೆಯಾಗಿ ಹೋಗುತ್ತದೆ. ನಾಲ್ಕನೇ ಜ್ವರ (ಪೊರೆ ಬಿಡುವುದು) ಎದ್ದ ಹುಳುವಿಗೆ ನೀವು ಇಡುವ ಶೇಕಡ 65-70 ತೇವಾಂಶವೇ ಸಿಗಾರಿಗೂ ಸರಿ. ಗಾಳಿ ಆಡದ ಡಬ್ಬಕ್ಕೆ ತೇವಾಂಶವನ್ನು 65ರಲ್ಲೇ ನಿಲ್ಲಿಸುವ ಪುಟ್ಟ ಪ್ಯಾಕ್ ಹಾಕಿ ಒಂದು ತಿಂಗಳು ಬಿಡಿ. ಅವಸರ ಮಾಡಿದರೆ ಒಳಗಿನ ಸೊಪ್ಪು ಉಬ್ಬಿ ಹೊರ ಎಲೆ ಸೀಳುತ್ತದೆ.

ಅಸಲಿ ವಿಷಯ. ಪೂರ್ತಿ ಡಬ್ಬಿ ಇದ್ದಿದ್ದರೆ ಸೀಲು, ತಳದ ಮುದ್ರೆ, ತಿಂಗಳು-ವರ್ಷ ನೋಡಬಹುದಿತ್ತು. ಬಿಡಿಯಲ್ಲಿ ಆ ದಾರಿ ಇಲ್ಲ. ಆದರೆ ಅಳತೆ ನೋಡಬಹುದು. ತಲಿಸ್ಮಾನ್ ಉದ್ದ 154 ಮಿಲಿಮೀಟರ್, ದಪ್ಪ 54. ಆ 54 ಅಂದರೆ ಒಂದು ಇಂಚನ್ನು 64 ಭಾಗ ಮಾಡಿದರೆ ಅದರಲ್ಲಿ 54, ಸುಮಾರು 21 ಮಿಲಿಮೀಟರ್. ಎದ್ದು ಕಾಣುವಷ್ಟು ವ್ಯತ್ಯಾಸ ಇದ್ದರೆ ನಕಲಿ. ಸರಿ ಇದ್ದರೂ ಅಸಲಿ ಅಂತ ಗ್ಯಾರಂಟಿ ಇಲ್ಲ, ಅನುಮಾನ ಅಷ್ಟು ಕಡಿಮೆ ಆಗುತ್ತದೆ.

ಇನ್ನು ಬೆಲೆ. ಕ್ಯೂಬಾದ ಲಿಮಿಟೆಡ್ ಎಡಿಷನ್ ಶುರುವಾಗಿದ್ದು 2000ದಲ್ಲಿ. ಮೊದಲು ಹೊರ ಎಲೆಯನ್ನು ಮಾತ್ರ ಕನಿಷ್ಠ ಎರಡು ವರ್ಷ ಹಳೆಯದು ಮಾಡುತ್ತಿದ್ದರು. 2007ರಿಂದ ಒಳಗಿನ ಸೊಪ್ಪೂ ಅಷ್ಟೇ ಹಳೆಯದು. ಆ ಹದಕ್ಕೆ ಜಾಸ್ತಿ ಕೊಡಬಹುದು ಅಂತ ನಾನು ಒಪ್ಪುತ್ತೇನೆ. ಉಳಿದ ದುಡ್ಡು ಸಿಗೋದು ಕಷ್ಟ ಅನ್ನುವುದಕ್ಕೆ ಕೊಟ್ಟಿದ್ದು, ಅದರಿಂದ ರುಚಿ ಬರುವುದಿಲ್ಲ. ತುದಿ ಕತ್ತರಿಸಿ, ಹಚ್ಚದೇ ಒಂದು ಸಲ ಎಳೆದು ನೋಡಿ. ಗಾಳಿ ಸಲೀಸಾಗಿ ಬಂದು, ಬಾಯಲ್ಲಿ ಕೋಕೋ, ಹಳೇ ಮರದ ಪೆಟ್ಟಿಗೆಯ ಥರದ ಘಮ ನಿಂತರೆ ಧೈರ್ಯವಾಗಿ ಹಚ್ಚಿ. ಗಾಳಿಯೇ ಬರದಿದ್ದರೆ ಯಾವ ವರ್ಷದ್ದಾದರೂ ಅಷ್ಟೇ.

ತುಮಕೂರು_ಮಗಳು

ನಮ್ಮ ಅಮ್ಮ 30 ವರ್ಷ ಬೀಡಿ ಕಟ್ಟಿದರು. ಎಲೆ ಒಣಗಿದ್ದರೆ ಮಡಿಸುವಾಗಲೇ ಸೀಳುತ್ತದೆ, ಅದಕ್ಕೇ ನೆನೆಹಾಕಿ ಆಮೇಲೆ ಕತ್ತರಿಸುತ್ತಿದ್ದರು. ಕೈಯಲ್ಲಿ ಹಿಡಿದ ಕೂಡಲೇ ಹದ ಹೇಳುತ್ತಿದ್ದರು. ಹಾಗಾಗಿ ಮೇಲಿನವರ ಮಾತು ನನಗೆ ಸರಿ ಅನ್ನಿಸಿತು.

ಆದರೆ ಒಂದು ಮಾತು ಹೇಳಲೇಬೇಕು. ದೊಡ್ಡ ಸಿಗಾರ್ ಒಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ಹೊಗೆಸೊಪ್ಪು ಇರಬಹುದು. ಹೊಗೆ ಒಳಗೆ ಎಳೆಯದಿದ್ದರೂ ಬಾಯಿ, ಗಂಟಲಿನ ಕ್ಯಾನ್ಸರ್ ಅಪಾಯ ಇದ್ದೇ ಇದೆ. ನಮ್ಮ ಸೋದರಮಾವನನ್ನು ಹಾಗೇ ಕಳೆದುಕೊಂಡೆವು. ವರ್ಷಕ್ಕೆ ಎರಡು ಮೂರು ಅಂದಿರಿ. ಇದು ಚೆನ್ನಾಗಿದ್ದರೂ ಅದು ನಾಲ್ಕು ಆಗೋದು ಬೇಡ ಅಣ್ಣ.

ಗೂಡಿನಮನೆ (ಶಿಡ್ಲಘಟ್ಟ)

ತುಂಬಾ ಉಪಕಾರ ಆಯಿತು. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ ತಂಗಿ. ನಾಲ್ಕು ಆಗಲು ಬಿಡುವುದಿಲ್ಲ.

ಸ್ಕೇಲ್ ಹಿಡಿದೆ. ಎರಡೂ 154ಕ್ಕೆ ಸರಿಯಾಗಿವೆ. ಟಾರ್ಚ್ ಹಾಕಿ ತಿರುಗಿಸಿ ತಿರುಗಿಸಿ ನೋಡಿದೆ, ತೂತು ಇಲ್ಲ. ಹುಳುಮನೆಗೆ ತಂದಿಟ್ಟಿದ್ದ ತೇವಾಂಶ ಅಳೆಯುವ ಪುಟ್ಟ ಡಿಜಿಟಲ್ ಮೀಟರ್ ಒಂದು ಜಾಸ್ತಿ ಇತ್ತು. ಅದು ಸರಿಯಾ ಅಂತ ನೋಡಲು ಮುಚ್ಚಳದಲ್ಲಿ ಒದ್ದೆ ಉಪ್ಪು ಇಟ್ಟು, ಜೊತೆಗೆ ಡಬ್ಬದಲ್ಲಿ ಮುಚ್ಚಿಟ್ಟೆ. ಒದ್ದೆ ಉಪ್ಪಿನ ಜೊತೆ ಮುಚ್ಚಿಟ್ಟರೆ 75 ತೋರಿಸಬೇಕು, ಬೆಳಿಗ್ಗೆ 72 ತೋರಿಸಿತು. ಮೂರು ಕೂಡಿಸಿ ಓದುತ್ತೇನೆ.

ಸಿಗಾರ್‌ಗಳನ್ನು ಚಿಕ್ಕಬಳ್ಳಾಪುರದ ಅಕ್ಕನ ಮನೆಗೆ ಸಾಗಿಸಿದೆ. ಅವರ ಒಳಕೋಣೆ ಮಧ್ಯಾಹ್ನವೂ ತಣ್ಣಗಿರುತ್ತದೆ. ನಮ್ಮ ಹುಳು ನಿನ್ನೆ ನಾಲ್ಕನೇ ಜ್ವರ ಎದ್ದಿವೆ. ಇನ್ನು ಏಳೆಂಟು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುತ್ತವೆ, ಆಮೇಲೆ ಗೂಡು ಕಟ್ಟಲು ಬಿಡುವ ಚಂದ್ರಿಕೆ, ಆಮೇಲೆ ಗೂಡು ಬಿಡಿಸೋದು. ಅಲ್ಲಿವರೆಗೆ ಹೊಗೆಸೊಪ್ಪಿನ ಹತ್ತಿರ ಹೋಗುವುದಿಲ್ಲ. ಗೂಡು ಮಾರಿದ ಸಂಜೆ ಅಕ್ಕನ ಮನೆ ಮಾಳಿಗೆ ಮೇಲೆ ಬಾವನ ಜೊತೆ ಕೂತು ಹದವಾಗಿರುವುದನ್ನು ಹಚ್ಚುತ್ತೇನೆ. ಮೊದಲ ಭಾಗ ಹೇಗಿತ್ತು, ಕೊನೆಯ ಭಾಗ ಹೇಗಿತ್ತು, ಇಲ್ಲೇ ಬರೆಯುತ್ತೇನೆ. ಒಣಗಿದ್ದು ಡಬ್ಬದಲ್ಲೇ ಇರಲಿ.